ಹೊಸದುರ್ಗ ರೋಡಿನ ಸಮುದ್ರ

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಅಹಮದಾಬಾದಿನ ವಸ್ತ್ರಾಪುರದ ಮನೆಯ ಬಚ್ಚಲಿನಲ್ಲಿ ಚಿಲಕ ಹಾಕಿಕೊಂಡು ನಂಜುಂಡ ಆ ಕಾಗದವನ್ನು ಇನ್ನೊಂದು ಸಲ ಮೂಸಿ ನೋಡಿದ. ವಾಸನೆ ಹೋಗಿರಲಿಲ್ಲ. ಒಂಬತ್ತು ವಾರದಲ್ಲಿ ಮನುಷ್ಯನ ಸಿಟ್ಟು ಇಳಿಯುತ್ತದೆ, ಉಳುಕಿದ ಕಾಲು ಸರಿಯಾಗುತ್ತದೆ, ಆದರೆ ಗೆಳೆಯನ ಹೆಂಡತಿ ಸೀತಮ್ಮನ ಸಾರಿನ ಪುಡಿ ಒಮ್ಮೆ ಹಿಡಿದುಕೊಂಡರೆ ಬಿಡುವ ಜಾತಿಯದಲ್ಲ. ಮೊದಲ ವಾರ ತಾರಸಿಯ ಮೇಲೆ ಬಿಸಿಲಿಗಿಟ್ಟ. ಮೂರು ಪಾರಿವಾಳಗಳು ಬಂದು ಸುತ್ತ ಕೂತವು. ಎರಡನೆಯ ವಾರ ಬೀರುವಿನಲ್ಲಿ ನುಸಿಗುಳಿಗೆಯ ಜೊತೆ ಇಟ್ಟ. ಆಮೇಲೆ ಒಂದು ತಿಂಗಳು ಅವನ ಸ್ವೆಟರ್ ಹಾಕಿಕೊಂಡರೆ ಹಸಿವಾಗುತ್ತಿತ್ತು. ಕೊನೆಗೆ ತಾನು ಕೆಲಸ ಮಾಡುವ ಸಂಶೋಧನಾ ಕೇಂದ್ರಕ್ಕೆ ಒಯ್ದು ಸ್ಟೋರ್ಸ್ ವಿಭಾಗದ ನಿಯಮಾವಳಿಯ ದಪ್ಪ ಪುಸ್ತಕದೊಳಗೆ ಅಮುಕಿಟ್ಟ. ಇಪ್ಪತ್ತಾರು ವರ್ಷದಲ್ಲಿ ಯಾರೂ ತೆರೆಯದ ಆ ಪುಸ್ತಕವನ್ನು ಆ ವಾರವೇ ಇಬ್ಬರು ವಿಜ್ಞಾನಿಗಳು ಕೇಳಿಕೊಂಡು ಬಂದರು. ಈಗ ಅದನ್ನು ನಾಲ್ಕು ಮಡಿಕೆ ಮಾಡಿ ಬಿಳಿ ಅಂಗಿಯ ಜೇಬಿಗೆ ಸೇರಿಸಿದ. ಇವತ್ತು ಇದನ್ನು ಕೊಟ್ಟುಬಿಡಬೇಕು, ಇಲ್ಲ ಕಳೆದುಬಿಡಬೇಕು. ಎರಡರಲ್ಲಿ ಯಾವುದು ಎಂದು ಬಚ್ಚಲಿನ ಕನ್ನಡಿಯನ್ನು ಕೇಳಿದರೆ ಅದರಲ್ಲಿದ್ದವನಿಗೂ ಗೊತ್ತಿರಲಿಲ್ಲ.

ಕಾಗದದಲ್ಲಿ ಇದ್ದದ್ದು ಒಂದು ಸಮುದ್ರ. ಸೂರತ್ತಿನ ಕೃಷ್ಣರಾಜ, ವಡೋದರಾದ ರಾಮಕೃಷ್ಣ, ಅಹಮದಾಬಾದಿನ ನಂಜುಂಡ, ಈ ಮೂವರು ಹನ್ನೊಂದು ವರ್ಷದಿಂದ ಆಡುತ್ತಿದ್ದ ಯುದ್ಧದಾಟದ ಸಮುದ್ರ. ನಕಾಶೆಯನ್ನು ಜೇನುಗೂಡಿನ ಹಾಗೆ ಮನೆಮನೆಯಾಗಿ ಕೊರೆದಿರುತ್ತಾರೆ. ಒಬ್ಬನದು ಹಡಗಿನ ಪಡೆ, ಇನ್ನೊಬ್ಬನದು ದ್ವೀಪಗಳ ನೆಲೆ ಮತ್ತು ಅಲ್ಲಿಂದ ಹಾರುವ ಕಾವಲು ವಿಮಾನ. ಒಬ್ಬರದು ಒಬ್ಬರಿಗೆ ಕಾಣಕೂಡದು. ಇಬ್ಬರ ನಡೆಯೂ ಗೊತ್ತಿರುವುದು ನಡುವೆ ಕೂತ ರಾಮಕೃಷ್ಣನಿಗೆ ಮಾತ್ರ. ಹಡಗು ಹೋದ ಮನೆಯ ಮೇಲೆ ವಿಮಾನದ ಕಣ್ಣು ಬಿತ್ತೋ, ಅವನು ಫೋನಿನಲ್ಲಿ ‘ಕಂಡೆ’ ಅನ್ನುತ್ತಾನೆ. ಅಲ್ಲಿಗೆ ಮುಗಿಯಿತು, ಮುಂದಿನದು ಬರೀ ಮುಳುಗುವ ಕೆಲಸ. ಮೂವರೂ ಒಂದೇ ರೈಲುದಾರಿಯ ಊರಿನವರಾದ್ದರಿಂದ ಸಮುದ್ರದ ಮನೆಗಳಿಗೆಲ್ಲ ಆ ದಾರಿಯ ಸ್ಟೇಷನ್ನುಗಳ ಹೆಸರಿಟ್ಟಿದ್ದರು. ಶತ್ರುವಿನ ಎರಡು ದೊಡ್ಡ ನೆಲೆಗಳು ಬೀರೂರು ಮತ್ತು ದಾವಣಗೆರೆ. ಮೊದಲು ನಡೆಗಳನ್ನು ಮೊಬೈಲಿನಲ್ಲೇ ಬರೆದು ಕಳಿಸುತ್ತಿದ್ದರು. ಎರಡು ವರ್ಷದ ಹಿಂದೆ ಕೃಷ್ಣರಾಜನ ಬೆರಳು ತಪ್ಪಿ ‘ತಿಪಟೂರಿನಿಂದ ಹೊರಟ ಎರಡನ್ನೂ ಅರಸೀಕೆರೆಯಲ್ಲಿ ಮುಗಿಸಿಬಿಡು’ ಎಂಬ ಆಜ್ಞೆ ಕನ್ನಡ ಸಂಘದ ಮುನ್ನೂರ ಹನ್ನೆರಡು ಜನರ ಗುಂಪಿಗೆ ಹೋಯಿತು. ಸಂಘದ ಕಾರ್ಯದರ್ಶಿ ನಾಗವೇಣಿಯವರ ಅಣ್ಣ ಅತ್ತಿಗೆ ಅದೇ ಹೊತ್ತಿಗೆ ತಿಪಟೂರಿನಿಂದ ರೈಲು ಹತ್ತಿದ್ದರು. ಅವರು ಅರಸೀಕೆರೆಯಲ್ಲಿ ಇಳಿದು ಪೊಲೀಸರ ಪಕ್ಕ ಕೂತು ರಾತ್ರಿ ಕಳೆದರು ಎಂಬುದು ಸಂಘದಲ್ಲಿ ಚಾಲ್ತಿಯಲ್ಲಿರುವ ಕಥೆ. ನಿಜವಾಗಿ ಕಳೆದದ್ದು ಅರ್ಧ ಗಂಟೆ. ಅಂದಿನಿಂದ ರಾಮಕೃಷ್ಣ ಕಾನೂನು ಮಾಡಿದ: ಮೊಬೈಲಿನಲ್ಲಿ ಒಂದಕ್ಷರ ಬರೆಯಕೂಡದು, ಫೋಟೋ ಕೂಡದು. ಅವರವರ ಯೋಜನೆ ಅವರವರ ಕಾಗದದಲ್ಲಿ. ಭಾನುವಾರ ಹತ್ತಕ್ಕೆ ಫೋನ್ ಮಾಡಿ ಓದಿ ಹೇಳಬೇಕು. ಕಾಗದ ಕಳೆದರೆ ಕಳೆದವನ ಕರ್ಮ, ಅಂಪೈರು ವಾಪಸ್ಸು ಹೇಳುವುದಿಲ್ಲ.

ಒಂಬತ್ತು ವಾರದ ಹಿಂದೆ ನಾಗವೇಣಿ ಸೂರತ್ತಿನಿಂದ ಬರುವಾಗ ಸೀತಮ್ಮ ಕೊಟ್ಟಳೆಂದು ಒಂದು ಕಟ್ಟು ತಂದುಕೊಟ್ಟಿದ್ದರು. ಮೇಲೆ ಪ್ಲಾಸ್ಟಿಕ್ಕು, ಒಳಗೆ ಕಾಗದ, ಅದರೊಳಗೆ ಪುಡಿ. ಬಿಸಿ ಪುಡಿಯನ್ನು ನೇರ ಪ್ಲಾಸ್ಟಿಕ್ಕಿಗೆ ಹಾಕಿದರೆ ಬೆವರುತ್ತದೆ. ಕೃಷ್ಣರಾಜನ ಹೆಂಡತಿ ಸೀತಮ್ಮ ಅಂಥ ಕೆಲಸ ಮಾಡುವವಳಲ್ಲ. ನಂಜುಂಡನ ಹೆಂಡತಿ ಮೀರಾ ಪುಡಿಯನ್ನು ಡಬ್ಬಿಗೆ ಸುರಿದು ಕಾಗದವನ್ನು ಗಂಡನ ಕೈಗೆ ಕೊಟ್ಟು, “ಕಸದ ಬುಟ್ಟಿಗೆ ಹಾಕಿ” ಅಂದಳು. ಅವನು ಬುಟ್ಟಿಯ ತನಕ ಹೋದ. ದಪ್ಪ ಡ್ರಾಯಿಂಗ್ ಹಾಳೆ, ಸೂರತ್ತಿನ ಪಕ್ಕದ ಸಚಿನ್ ಎಂಬ ಊರಿನಲ್ಲಿ ಕೃಷ್ಣರಾಜ ಕೆಲಸ ಮಾಡುವ ಬಣ್ಣದ ಕಾರ್ಖಾನೆಯದು. ಬಗ್ಗಿದ ನಂಜುಂಡನ ಕಣ್ಣಿಗೆ ‘ಅಜ್ಜಂಪುರ’ ಕಂಡಿತು. ಆಮೇಲೆ ‘ಚಿಕ್ಕಜಾಜೂರು’. ಬೀರೂರಿನ ಸುತ್ತ ಒಂದು ವರ್ತುಲ, ದಾವಣಗೆರೆಯ ಸುತ್ತ ಒಂದು ವರ್ತುಲ, ಎರಡೂ ಕಾಫಿ ಲೋಟ ಬೋರಲು ಹಾಕಿ ಗೆರೆ ಎಳೆದವು. ಅಂಪೈರಿಗೆ ಮುಂಚೆಯೇ ಓದಿ ಹೇಳಿಯಾಗಿದ್ದ ಯೋಜನೆ; ವಿಮಾನಗಳು ಐದು ವಾರ ಎಲ್ಲೆಲ್ಲಿ ಹಾರುತ್ತವೆ ಎಂಬುದೆಲ್ಲ ಅಲ್ಲಿತ್ತು. ಎರಡು ಲೋಟಗಳೂ ಒಂದಕ್ಕೊಂದು ತಾಗದೆ, ನಡುವೆ ಒಂದೇ ಒಂದು ಮನೆ ಬಯಲಾಗಿ ಉಳಿದಿತ್ತು: ಹೊಸದುರ್ಗ ರೋಡ್. ಎಕ್ಸ್‌ಪ್ರೆಸ್ಸುಗಳು ಸೀಟಿ ಹೊಡೆದು ದಾಟಿಬಿಡುವ ಸ್ಟೇಷನ್ನು. ಆ ಕ್ಷಣ ಕಣ್ಣು ಮುಚ್ಚಿಕೊಳ್ಳಬಹುದಿತ್ತು. ಕಣ್ಣು ಮುಚ್ಚುವಷ್ಟರಲ್ಲಿ ಓದಿ ಆಗಿತ್ತು ಎಂದು ಅವನು ತನಗೆ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಆದರೆ ಓದಿದ್ದು ಒಂದು ಕ್ಷಣ, ಮಡಿಸಿ ಇಟ್ಟುಕೊಂಡದ್ದು ಇನ್ನೊಂದು ಕ್ಷಣ, ಮುಂದಿನ ಭಾನುವಾರ ಹತ್ತು ಗಂಟೆಗೆ ಫೋನ್ ಎತ್ತಿ “ಇಡೀ ಪಡೆ, ಹೊಸದುರ್ಗ ರೋಡ್” ಅಂದದ್ದು ಮೂರನೆಯ ಕ್ಷಣ. ಎಲ್ಲಕ್ಕೂ ಒಂದೇ ರೆಪ್ಪೆಯನ್ನು ಹೊಣೆ ಮಾಡಲಾಗುವುದಿಲ್ಲ.

ಹನ್ನೊಂದು ವರ್ಷದಲ್ಲಿ ಅವನು ಗೆದ್ದಿರಲಿಲ್ಲ. ಆಫೀಸಿನಲ್ಲಿ ಅವನ ಕೈಕೆಳಗೆ ಬಂದವರು ಅವನ ಮೇಲೆ ಕೂತು ನಿವೃತ್ತರೂ ಆಗಿದ್ದರು. ಮನೆಯಲ್ಲಿ ಮಗಳು ಮನಸ್ವಿನಿ ಅವನು ಕನ್ನಡದಲ್ಲಿ ಕೇಳಿದ್ದಕ್ಕೆ ಗುಜರಾತಿಯಲ್ಲಿ ಉತ್ತರ ಕೊಟ್ಟು, ಅರ್ಥವಾಗದ್ದನ್ನು ಇಂಗ್ಲಿಷಿನಲ್ಲಿ ಕ್ಷಮಿಸುತ್ತಿದ್ದಳು. ಅವನಿಗೂ ತಲೆ ಇದೆ ಎಂದು ಭೂಮಿಯ ಮೇಲೆ ನಂಬಿದ್ದವರು ಇಬ್ಬರು, ಸೂರತ್ತಿನಲ್ಲೊಬ್ಬ, ವಡೋದರಾದಲ್ಲೊಬ್ಬ. ಹಡಗುಗಳೆಲ್ಲ ಒಂದು ಗೀರೂ ಬೀಳದೆ ಎರಡು ನೆಲೆಗಳ ನಡುವೆ ನುಸುಳಿ ಆಚೆ ಹೋಗಿ ನಿಂತಾಗ ರಾಮಕೃಷ್ಣ ಫೋನಿನಲ್ಲಿ, “ನಂಜುಂಡ, ನೀನು ಮನುಷ್ಯನೇನೋ?” ಅಂದಿದ್ದ. ಆ ಪ್ರಶ್ನೆಗೆ ನಂಜುಂಡ ಇನ್ನೂ ಉತ್ತರ ಹುಡುಕುತ್ತಿದ್ದ. ಆಟ ಮುಗಿದ ಮೇಲೆ ಮೂವರೂ ವಡೋದರಾದಲ್ಲಿ ಸೇರಿ, ಅವರವರ ಕಾಗದ ಮೇಜಿನ ಮೇಲೆ ಬಿಚ್ಚಿ, ಮೊದಲಿನಿಂದ ನಡೆ ನಡೆಯಾಗಿ ಓದುವುದು ಪದ್ಧತಿ. ಅದೇ ಇವತ್ತು. ಸೀತಮ್ಮನೂ ಬರುತ್ತಾಳೆ. ಪುಡಿಯನ್ನು ಯಾವುದರಲ್ಲಿ ಕಟ್ಟಿದೆ ಎಂಬುದು ಅವಳಿಗೆ ನೆನಪಾದರೆ ಅವನ ತಲೆಯನ್ನು ನಂಬಿದ್ದ ಆ ಇಬ್ಬರೂ ಇಲ್ಲ.

“ಪಪ್ಪಾ, ಯು ಸ್ಮೆಲ್ ಲೈಕ್ ರಸಂ,” ಅಂದಳು ಮನಸ್ವಿನಿ, ಅವನು ಚಪ್ಪಲಿ ಮೆಟ್ಟುವಾಗ.

“ರಸಂ ಅಲ್ಲಮ್ಮ, ಸಾರು.”

“ವಾಟೆವರ್. ನೈಸ್ ಛೇ.” ಗುಜರಾತಿಯ ‘ಛೇ’; ಚೆನ್ನಾಗಿದೆ ಎಂದು.

ಮನೆಗೆ ಹತ್ತಿರದ ದೊಡ್ಡ ಸ್ಟೇಷನ್ನು ಬಿಟ್ಟು ಅವನು ಆಟೋದಲ್ಲಿ ಊರೆಲ್ಲ ದಾಟಿ ಮಣಿನಗರ ಸ್ಟೇಷನ್ನಿಗೆ ಹೋದ. ದೊಡ್ಡ ಸ್ಟೇಷನ್ನಿನಲ್ಲಿ ಭಾನುವಾರ ನಾಗವೇಣಿ ಸಿಗುವ ಸಂಭವವಿತ್ತು, ಸಿಕ್ಕರೆ “ಸೀತಾ ಕೊಟ್ಟ ಪುಡಿ ಹೇಗಿತ್ರೀ?” ಎಂದು ಇಡೀ ಬೋಗಿಗೆ ಕೇಳುವ ಹಾಗೆ ಕೇಳುವ ಹೆಂಗಸು. ಪ್ಲಾಟ್‌ಫಾರ್ಮಿನಲ್ಲಿ ಹಸಿರು ಸೀರೆಯೊಂದು ದೂರದಲ್ಲಿ ನಾಗವೇಣಿಯಂತೆ ಕಂಡು, ಅವನು ಬಟಾಟೆವಡೆ ಗಾಡಿಯ ಹಿಂದೆ ಆರು ನಿಮಿಷ ನಿಂತ. ಗಾಡಿಯವನು ವ್ಯಾಪಾರವಾಗುವ ಕಡೆಗೆ ಗಾಡಿ ತಳ್ಳಿದ ಹಾಗೆಲ್ಲ ನಂಜುಂಡನೂ ಅದರ ನೆರಳಿನಲ್ಲಿ ಸರಿಯುತ್ತ ಹೋದ. ಹೆಂಗಸು ಯಾರೋ ಬೇರೆಯವಳು. ಐವತ್ತಮೂರು ವರ್ಷದ ಸರ್ಕಾರಿ ನೌಕರನೊಬ್ಬ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಬಟಾಟೆವಡೆಯ ಜೊತೆ ಏಕೆ ನಡೆಯುತ್ತಿದ್ದಾನೆ ಎಂದು ಯಾರೂ ಕೇಳಲಿಲ್ಲ. ಗಾಡಿಯವನು ಮಾತ್ರ ಕೊನೆಗೆ ಎರಡು ವಡೆ ಕಟ್ಟಿ ಅವನ ಕೈಗಿಟ್ಟ, ಅವನು ತಿನ್ನದೆಯೇ ದುಡ್ಡು ಕೊಟ್ಟ.

ರೈಲು ವಾಸದ್ ದಾಟಿ ಮಹೀ ನದಿಯ ಸೇತುವೆಗೆ ಬರುವ ಮೊದಲೇ ಅವನು ಕಿಟಕಿಯ ಹತ್ತಿರ ಎದ್ದು ನಿಂತಿದ್ದ. ಕೈ ಜೇಬಿನ ಕಾಗದವನ್ನು ಅರ್ಧ ಹೊರಗೆಳೆದಿತ್ತು. ನದಿಗೆ ಬಿಟ್ಟರೆ ಮುಗಿಯಿತು. ಹಾಳೆಯ ಸಮುದ್ರ ನಿಜವಾದ ಸಮುದ್ರದ ಕಡೆಗೆ ತಾನೇ ಹೋಗುತ್ತದೆ. ಕಿಟಕಿಯ ಬಳಿ ಕೂತಿದ್ದ ಮುದುಕಿ ಅವನ ಬಿಳಿ ಅಂಗಿ, ಮಡಿಸಿದ ಹಳದಿ ಕಾಗದ, ಮುಖದ ಸಂಕಟ ಎಲ್ಲ ನೋಡಿ, “ಫೂಲ್ ಛೇ, ಭಾಯಿ? ಪಧರಾವವಾನಾ ಛೇ?” ಎಂದು ಮೆಲ್ಲನೆ ಕೇಳಿದಳು. ಪೂಜೆಯ ಹೂವೋ, ನದಿಗೆ ಬಿಡುವುದೋ ಎಂದು. ಅವನು ತಲೆ ಆಡಿಸಿದ. ಮುದುಕಿ ಸರಿದು ಜಾಗ ಮಾಡಿಕೊಟ್ಟಳು. ಎದುರಿನವನು ಚಪ್ಪಲಿ ಕಳಚಿದ. ಆ ಕಡೆಯ ಸೀಟಿನ ದಂಪತಿಗಳು ಮಾತು ನಿಲ್ಲಿಸಿ ಕೈ ಮುಗಿದರು. ಅಷ್ಟು ಜನ ತನಗಾಗಿ ಒಟ್ಟಿಗೆ ಗೌರವದಿಂದ ಸುಮ್ಮನಾದದ್ದು ನಂಜುಂಡನ ಬದುಕಿನಲ್ಲಿ ಅದೇ ಮೊದಲು, ಅದಕ್ಕೇ ಕೈ ಏಳಲಿಲ್ಲ. ಸೇತುವೆಯ ಕಬ್ಬಿಣ ಧಡಧಡ ಎಂದು ಹಿಂದೆ ಹೋಗಿ, ನೀರು ಹೋಗಿ, ಮರಳು ಹೋಗಿ, ಬಾಳೆಯ ತೋಟ ಬಂತು. “ವಾಂಧೋ ನಹೀಂ,” ಎಂದಳು ಮುದುಕಿ, ಪರವಾಗಿಲ್ಲ ಬಿಡು ಎಂದು, ಅವನ ಮೊಣಕೈ ತಟ್ಟಿ. “ವಳತಾ ನಾಖಜೋ.” ಬರುವಾಗ ಹಾಕಿ.

ರಾಮಕೃಷ್ಣನ ಮನೆ ಎರಡನೆಯ ಮಹಡಿ: ಒಂದು ಹಾಲ್, ಒಂದು ಅಡುಗೆಮನೆ, ಎರಡು ಕೋಣೆ, ಬಟ್ಟೆ ಒಣಗಿಸುವಷ್ಟು ಬಾಲ್ಕನಿ. ಒಳಗೆ ಕಾಲಿಟ್ಟ ತಕ್ಷಣ ನಂಜುಂಡನ ತಲೆಯಲ್ಲಿ ಅದು ಮನೆಮನೆಯಾಗಿ ಕೊರೆದುಕೊಂಡಿತು. ಸೀತಮ್ಮ ಅಡುಗೆಮನೆಯ ಬಾಗಿಲಲ್ಲಿ ಮೆಟ್ಟುಕತ್ತಿಯಲ್ಲಿ ಬೀನ್ಸ್ ಹೆಚ್ಚುತ್ತ ಕೂತಿದ್ದಳು, ಹಾಲ್‌ನ ಮುಕ್ಕಾಲು ಭಾಗ ಅವಳ ಕಣ್ಣಳತೆಗೆ ಬರುವಂತೆ. ಬಾಲ್ಕನಿ ಕಾಣುವುದಿಲ್ಲ. ಬೀರುವಿನ ಮರೆ ಕಾಣುವುದಿಲ್ಲ. ಅವಳು ಒಗ್ಗರಣೆಗೆ ಎದ್ದಾಗ ಬೀರುವಿನಿಂದ ಸೋಫಾಗೆ. ಅವಳು ಹಾಲ್‌ಗೆ ಬಂದಾಗ ಸೋಫಾದಿಂದ ಬಾಲ್ಕನಿಗೆ. ಒಂದು ಗಂಟೆಯ ಹೊತ್ತು ಅವನು ಒಂದು ಪಡೆಯನ್ನು ನಡೆಸುವ ಎಚ್ಚರದಿಂದ ತನ್ನನ್ನು ತಾನೇ ನಡೆಸಿಕೊಂಡು ತಿರುಗಿದ. ರಾಮಕೃಷ್ಣ ಹೆಂಡತಿ ತೀರಿಕೊಂಡ ಮೇಲೆ ಮಾತು ಕಡಿಮೆ ಮಾಡಿದ್ದ ನಿವೃತ್ತ ಪ್ರೊಫೆಸರು; ಅವನೂ ಕೊನೆಗೆ, “ಯಾಕೋ ನಂಜುಂಡ, ಮೂಲವ್ಯಾಧಿ ಏನಾದ್ರೂ?” ಎಂದು ಕೇಳಿದ.

“ಬಿಡಪ್ಪ, ಗೆದ್ದೋನು,” ಅಂದ ಕೃಷ್ಣರಾಜ, ಸೋಫಾ ತುಂಬ ಹರಡಿ ಕೂತು. “ಗೆದ್ದೋರಿಗೆ ಒಂದ್ಕಡೆ ಕೂರಕ್ಕಾಗಲ್ಲ. ನಾನು ಹತ್ತು ವರ್ಷ ಅನುಭವಿಸಿದೀನಿ ಆ ಕಷ್ಟಾನ.”

ಕೈ ತೊಳೆಯುವ ಬೇಸಿನ್ನು ಇದ್ದ ಓಣಿಯಲ್ಲಿ ಎಡವಟ್ಟಾಯಿತು. ಅದು ಎರಡೂ ಕಡೆಗೂ ಒಂದೇ ದಾರಿ. ಸೀತಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಎದುರು ಬಂದಳು.

“ಏನ್ ನಂಜುಂಡಣ್ಣ, ಮುಖಾನೇ ತೋರಿಸ್ತಿಲ್ಲ. ಮೀರಾ ಹೇಗಿದಾಳೆ? ಪುಡಿ ಹೇಗಿತ್ತು?”

“ಪುಡೀನಾ? ಇನ್ನೂ... ಬಿಚ್ಚೇ ಇಲ್ಲಮ್ಮ. ಹಳೇದು ಮುಗೀಲಿ ಅಂತ ಇಟ್ಟಿದಾಳೆ ಮೀರಾ.”

“ಒಂಬತ್ತು ವಾರದಿಂದಾನಾ?”

“ನಾವು ಸಾರು ಸ್ವಲ್ಪ ಕಡಿಮೆ.”

ಓಣಿ ಇಕ್ಕಟ್ಟು, ಮಧ್ಯಾಹ್ನದ ಸೆಖೆ, ಬೆವರಿದ ಅಂಗಿ. ಅವನ ಎದೆಯ ಮೇಲೆ ಜೇಬಿನ ಮೂಲೆಯಲ್ಲಿ ಬೇಳೆ ಗಾತ್ರದ ಒಂದು ಅರಿಸಿನದ ಕಲೆ ಮೂಡಿತ್ತು, ಕೊತ್ತಂಬರಿ ಬೀಜ, ಇಂಗು, ಹುರಿದ ಮೆಣಸಿನಕಾಯಿಯ ಘಾಟು ಅಲ್ಲಿಂದ ಸಣ್ಣಗೆ ಏಳುತ್ತಿತ್ತು. ಅವಳ ಮೂಗಿನ ಹೊಳ್ಳೆ ಒಂದು ಸಲ ಅರಳಿತು. ಅಷ್ಟೇ. ತನ್ನ ಕೈಯಾರೆ ಹುರಿದದ್ದು ಯಾರಿಗೆ ತಿಳಿಯುವುದಿಲ್ಲ? ಕಂಡೆ, ಎಂದು ನಂಜುಂಡನ ಒಳಗೆ ರಾಮಕೃಷ್ಣನ ದನಿ ಹೇಳಿತು. “ಈ ಸಲಾನೂ ತಂದಿದೀನಿ,” ಅಂದಳು ಸೀತಮ್ಮ. “ಬೆಳಿಗ್ಗೆ ಐದಕ್ಕೇ ಎದ್ದು ಹುರಿದೆ. ಹೋಗ್ತಾ ಮರೀಬೇಡಿ.” ಅವನನ್ನು ದಾಟಿ ಒಳಗೆ ಹೋದಳು. ಅವನು ನಲ್ಲಿ ತಿರುಗಿಸಿ, ಜೇಬಿನ ಕಲೆಯ ಮೇಲೆ ನೀರು ಚಿಮುಕಿಸಿ ಉಜ್ಜಿದ. ಬೇಳೆಯಷ್ಟಿದ್ದದ್ದು ರೂಪಾಯಿಯಷ್ಟಾಯಿತು.

ಊಟವಾಯಿತು. ಮೇಜಿನ ಮೇಲೆ ನಕಾಶೆ ಹಾಸಿದರು. ಓದುವ ಮುಂಚೆ ರಾಮಕೃಷ್ಣ ಒಳಗೆ ಹೋಗಿ ಒಂದು ಬುಟ್ಟಿ ಹಣ್ಣು, ಒಂದು ಹಾರ, ಜರಿಯಂಚಿನ ಒಂದು ಶಾಲು ತಂದ. ಮೂರು ಜನ ಕನ್ನಡಿಗರು ಸೇರಿದ ಕಡೆ ಒಬ್ಬನಿಗೆ ಶಾಲು ಹೊದಿಸದಿದ್ದರೆ ಹೇಗೆ? ಹೊದಿಸಬೇಕಾದವನು ಸೋತವನೇ ಎಂದು ಅವನ ತೀರ್ಪು. ಕೃಷ್ಣರಾಜ ಎದ್ದು, ನಗುತ್ತ, ತನ್ನ ದಪ್ಪ ಕೈಗಳಿಂದ ಶಾಲನ್ನು ನಂಜುಂಡನ ಹೆಗಲಿಗೆ ಹಾಕಿ ಎದೆಯ ಮೇಲೆ ಎಳೆದು ಸರಿ ಮಾಡಿದ. ಹಳದಿ ಕಲೆ ಮುಚ್ಚಿಹೋಯಿತು. ವಡೋದರಾದ ಮಾರ್ಚಿನ ಸೆಖೆಯಲ್ಲಿ, ಉಣ್ಣೆಯ ಶಾಲಿನ ಒಳಗೆ, ಬಾಣಲೆಯ ಹಾಗೆ ಆ ಜೇಬು ಕಾಯತೊಡಗಿತು.

“ಈಗ ಹೇಳಪ್ಪ,” ಅಂದ ಕೃಷ್ಣರಾಜ. “ಹೊಸದುರ್ಗ ರೋಡ್ ಖಾಲಿ ಅಂತ ನಿಂಗೆ ಹೇಗೆ ಗೊತ್ತಾಯ್ತು?”

“ಅನ್ನಿಸ್ತು,” ಅಂದ ನಂಜುಂಡ.

“ನೋಡಿದ್ಯಾ ರಾಮಕೃಷ್ಣ? ಅನ್ನಿಸ್ತಂತೆ! ನಂಗೆ ಹನ್ನೊಂದು ವರ್ಷದಲ್ಲಿ ಒಂದ್ಸಲಾನೂ ಏನೂ ಅನ್ನಿಸಿಲ್ಲ.” ಅವನು ಅಡುಗೆಮನೆಯ ಕಡೆ ತಿರುಗಿದ. “ಇವಳು ನನ್ನ ಹಾಳೆ ಕಸಕ್ಕೆ ಹಾಕ್ದೆ ಇದ್ದಿದ್ರೆ ಎರಡನೇ ವಾರವೇ ನೋಡಿ ಸರಿ ಮಾಡ್ತಿದ್ದೆ. ಮೇಜಿನ ಮೇಲೆ ಇಟ್ಟಿದ್ದು. ಏನು ಬರ್ದಿದ್ದೆ ಅಂತ ನಂಗೇ ನೆನಪಿಲ್ಲ, ಈ ಅಂಪೈರ್ ಮಹಾಶಯ ಹೇಳಲ್ಲ. ಕುರುಡನ ಹಾಗೆ ಐದು ವಾರ ಕೂತೆ. ಕೇಳಿದ್ರೆ ‘ನಾನು ಕಸಕ್ಕೆ ಹಾಕಿಲ್ಲ, ಹಾಕಿಲ್ಲ’ ಅಂತ ಒಂದೇ ಹಟ. ಹಂಗಾದ್ರೆ ಎಲ್ಲಿ ಹೋಯ್ತೇ ಅಂದ್ರೆ ಮಾತಿಲ್ಲ. ನಾಲ್ಕು ದಿನ ನಾನೂ ಮಾತು ಬಿಟ್ಟೆ. ಬುದ್ಧಿ ಇರೋರ ಮನೇಲಿ ಕಾಗದ ಕಳೆಯತ್ತಾ, ನೀವೇ ಹೇಳಿ.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನಂಜುಂಡ ಜೇಬಿನ ಮೇಲೆ, ಶಾಲಿನ ಮೇಲಿನಿಂದ, ಕೈ ಇಟ್ಟುಕೊಂಡ. ಇದು ಅವನ ಲೆಕ್ಕದಲ್ಲೇ ಇರಲಿಲ್ಲ. ಒಂಬತ್ತು ವಾರ ಅವನು ಹೆದರಿದ್ದೆಲ್ಲ ತನ್ನ ಮರ್ಯಾದೆಗೆ. ಆ ಒಂಬತ್ತು ವಾರವೂ ಸೂರತ್ತಿನ ಒಂದು ಮನೆಯಲ್ಲಿ ಒಬ್ಬ ಹೆಂಗಸು ಬೈಸಿಕೊಳ್ಳುತ್ತಿದ್ದಳು. ಕಾಗದ ತೆಗೆದು ಮೇಜಿನ ಮೇಲಿಟ್ಟರೆ ಸಾಕು. ಮಾತು ಕೂಡ ಬೇಡ, ವಾಸನೆಯೇ ಹೇಳುತ್ತದೆ. ಶಾಲು ಸರಿಸಬೇಕು, ಎರಡು ಬೆರಳು ಒಳಗೆ ಹಾಕಬೇಕು. ಬೆರಳು ಶಾಲಿನ ಅಂಚಿನ ತನಕ ಹೋಗಿ ಜರಿಯ ಎಳೆಯೊಂದಕ್ಕೆ ಸಿಕ್ಕಿಕೊಂಡಿತು; ಅದನ್ನು ಬಿಡಿಸಿಕೊಳ್ಳುವ ನೆಪದಲ್ಲಿ ಅವನು ತಲೆ ತಗ್ಗಿಸಿದ, ಮದುವೆ ಮನೆಯಲ್ಲಿ ಸೆರಗು ಸರಿಮಾಡಿಕೊಳ್ಳುವವರ ಹಾಗೆ. ಹೇಳುತ್ತೇನೆ ಎಂದು ಬಾಯಿ ತೆರೆದ. “ಕೃಷ್ಣ,” ಎಂದ. ಕೃಷ್ಣರಾಜ ನೋಡಿದ. “ಒಂದು ಲೋಟ ನೀರು,” ಎಂದಿತು ಬಾಯಿ.

ನೀರು ತಂದವಳು ಸೀತಮ್ಮ. ಲೋಟವನ್ನು ಅವನ ಮುಂದೆ, ಸರಿಯಾಗಿ ಹೊಸದುರ್ಗ ರೋಡಿನ ಮೇಲೆ ಇಟ್ಟಳು. ಅವನ ಮುಖ ನೋಡಲಿಲ್ಲ. ಗಂಡನ ಕಡೆ ತಿರುಗಿ, ಗ್ಯಾಸ್ ಸಿಲಿಂಡರ್ ಬುಕ್ ಮಾಡಿದ್ದನ್ನು ಹೇಳುವ ದನಿಯಲ್ಲಿ, “ಹೂಂ, ಕಸಕ್ಕೇ ಹಾಕಿದ್ದೆ. ಈಗ ನೆನಪಾಯ್ತು,” ಅಂದಳು.

“ಒಪ್ಕೊಂಡ್ಳು!” ಕೃಷ್ಣರಾಜ ಮೇಜು ಗುದ್ದಿದ. ಹಡಗುಗಳು ಹಾರಿ ಬಿದ್ದವು. “ನೋಡ್ರೋ, ಒಂಬತ್ತು ವಾರ! ಒಂಬತ್ತು ವಾರ ಬೇಕಾಯ್ತು ಇವಳ ಬಾಯಿಂದ ಇದನ್ನ ಹೊರಡಿಸೋಕೆ!” ರಾಮಕೃಷ್ಣ ಹಡಗುಗಳನ್ನು ಎತ್ತಿ ಅವವುಗಳ ಮನೆಯಲ್ಲಿ ನಿಲ್ಲಿಸುತ್ತ, ಸೀತಮ್ಮನನ್ನು ಒಂದು ಸಲ, ನಂಜುಂಡನನ್ನು ಒಂದು ಸಲ ನೋಡಿ, ಇಬ್ಬರ ನಡೆಯನ್ನೂ ಬಲ್ಲ ಅಂಪೈರಿನ ಹಾಗೆ, ಮುಂದಿನ ಹಡಗನ್ನು ಎತ್ತಿಕೊಂಡ. ನಂಜುಂಡ ನೀರು ಕುಡಿದ. ಪೂರ್ತಿ ಕುಡಿದ. ಲೋಟ ಎತ್ತಿದ ಜಾಗದಲ್ಲಿ ಒದ್ದೆಯ ಒಂದು ದುಂಡು ಗೆರೆ ಉಳಿದಿತ್ತು.

ಐದೂವರೆಯ ರೈಲಿಗೆ ಹೊರಟಾಗ ಬಾಗಿಲಲ್ಲಿ ಸೀತಮ್ಮ ಕಟ್ಟನ್ನು ಕೊಟ್ಟಳು. “ಮೀರಾಗೆ ಹೇಳಿ, ಈ ಸಲ ಖಾರ ಕಮ್ಮಿ.” ಅವನು ಏನೋ ಅನ್ನಲು ಹೋದ. “ರೈಲು ತಪ್ಪತ್ತೆ ನಂಜುಂಡಣ್ಣ,” ಅಂದಳು. ಒಳಗಿನಿಂದ ಕೃಷ್ಣರಾಜ ಮುಂದಿನ ಆಟಕ್ಕೆ ಯಾರಿಗೆ ಹಡಗು, ಯಾರಿಗೆ ನೆಲೆ ಎಂದು ಕೂಗುತ್ತಿದ್ದ.

ಕಿಟಕಿಯ ಸೀಟೇ ಸಿಕ್ಕಿತು. ಶಾಲನ್ನು ಮಡಿಸಿ ಚೀಲಕ್ಕೆ ಹಾಕಿದರೆ ಕಲೆ ಕಾಣುತ್ತದೆ ಎಂದು ಹೊದ್ದೇ ಕೂತಿದ್ದ. ಹಣ್ಣಿನ ಬುಟ್ಟಿ ತೊಡೆಯ ಮೇಲೆ, ಹಾರ ಬುಟ್ಟಿಯ ಮೇಲೆ. ಎದುರಿನ ಸೀಟಿನ ಗಂಡಸು ಮೆಚ್ಚುಗೆಯಿಂದ ನೋಡಿ, “ಸನ್ಮಾನ್ ಥಯುಂ, ಕಾಕಾ?” ಎಂದ. ಹೌದು ಎಂದು ತಲೆಯಾಡಿಸಿದ. “ಶಾನಾ ಮಾಟೆ?” ಯಾವುದಕ್ಕೆ? ಇಪ್ಪತ್ತಾರು ವರ್ಷ ಈ ಊರುಗಳಲ್ಲಿ ಇದ್ದು, ತರಕಾರಿಗೆ, ಆಟೋಗೆ, ಬ್ಯಾಂಕಿಗೆ ಬೇಕಾದಷ್ಟು ಗುಜರಾತಿ ಕಲಿತಿದ್ದ ನಂಜುಂಡ, ಇದಕ್ಕೆ ಬೇಕಾದ್ದು ಬರುವುದಿಲ್ಲ ಎಂಬಂತೆ ನಕ್ಕು, ಕೈಗೆ ಏನಾದರೂ ಕೆಲಸ ಬೇಕಾಗಿ ಸೀತಮ್ಮನ ಕಟ್ಟನ್ನು ಬಿಚ್ಚತೊಡಗಿದ.

ರಬ್ಬರ್ ಬ್ಯಾಂಡು. ಪ್ಲಾಸ್ಟಿಕ್ಕು. ಅದರೊಳಗೆ ಅದೇ ದಪ್ಪ ಡ್ರಾಯಿಂಗ್ ಹಾಳೆ. ಪುಡಿಯನ್ನು ಪ್ಲಾಸ್ಟಿಕ್ಕಿಗೆ ಜಾರಿಸಿ ಹಾಳೆ ಬಿಡಿಸಿದ. ಈ ಕಡೆ ಬಿಳಿ. ತಿರುಗಿಸಿದ. ಆ ಕಡೆಯೂ ಬಿಳಿ. ಹೊಸ ಹಾಳೆ, ರೂಲರ್ ಇಟ್ಟು ನೀಟಾಗಿ ಕತ್ತರಿಸಿದ್ದು. ಒಂದು ಗೆರೆಯಿಲ್ಲ, ಒಂದು ಅಕ್ಷರವಿಲ್ಲ. ಬೆಳಕಿಗೆ ಹಿಡಿದು ನೋಡಿದ, ಎಲ್ಲಾದರೂ ಲೋಟದ ಗುರುತಿದೆಯೇ ಎಂದು. ಓದುವುದಕ್ಕೆ ಏನೂ ಉಳಿಯದ ಹಾಗೆ ನೋಡಿ ಆರಿಸಿದ ಕಾಗದ. ಇದನ್ನು ಕಟ್ಟಿದ್ದು ಬೆಳಿಗ್ಗೆ, ಸೂರತ್ತಿನಲ್ಲಿ; ಅವನು ಮಣಿನಗರದಲ್ಲಿ ವಡೆ ಗಾಡಿಯ ಹಿಂದೆ ಅಡಗುವುದಕ್ಕೂ ಮೊದಲು, ಬೇಸಿನ್ನಿನ ಓಣಿಗೂ ಮೊದಲು, ಅವನು ಬಚ್ಚಲಲ್ಲಿ ಚಿಲಕ ಹಾಕಿಕೊಳ್ಳುವುದಕ್ಕೂ ಮೊದಲು. ಕಸಕ್ಕೆ ಹಾಕಿಲ್ಲ, ಹಾಕಿಲ್ಲ ಎಂದಷ್ಟೇ ಹೇಳಿ, ಎಲ್ಲಿ ಹೋಯಿತು ಎಂದು ಗೊತ್ತಿದ್ದೂ ಒಂಬತ್ತು ವಾರ ಬಾಯಿ ಬಿಡದವಳು. ಬೀರುವಿನ ಮರೆಯಿಂದ ಸೋಫಾಗೆ, ಸೋಫಾದಿಂದ ಬಾಲ್ಕನಿಗೆ ಅವನು ನುಸುಳುತ್ತಿದ್ದಾಗ ಅವಳು ಬೀನ್ಸ್ ಹೆಚ್ಚುತ್ತ ಕೂತಿದ್ದಳು.

ಸೇತುವೆ ಬಂತು. ಜೇಬಿನ ಹಾಳೆಯನ್ನು ತೆಗೆದ. ಬೆವರಿಗೆ ಅಜ್ಜಂಪುರ ಹರಡಿಹೋಗಿತ್ತು, ಬೀರೂರು ಅರ್ಧ ಉಳಿದಿತ್ತು. ಬೆಳಿಗ್ಗೆಯ ಹಾಗೆ ಯಾರೂ ಕೈ ಮುಗಿಯಲಿಲ್ಲ. ಎದುರಿನವನು ಮೊಬೈಲು ನೋಡುತ್ತಿದ್ದ. ಈಗ ಯಾರ ಕಣ್ಣೂ ತನ್ನ ಮೇಲಿರಲಿಲ್ಲ. ಕೆಳಗೆ ನೀರು ಸಂಜೆಯ ಬಣ್ಣಕ್ಕೆ ಹರಿಯುತ್ತಿತ್ತು. ನಂಜುಂಡ ಹಳೆಯ ಹಾಳೆಯನ್ನು ತೊಡೆಯ ಮೇಲೆ ಹರಡಿ, ಪುಡಿಯನ್ನೆಲ್ಲ ಅದರ ಮೇಲೆ, ಹೊಸದುರ್ಗ ರೋಡಿನ ನಡುವೆ ಸುರಿದು, ನಾಲ್ಕೂ ಕಡೆಯಿಂದ ಮಡಿಸಿ, ಮೊದಲು ಬಂದ ಹಾಗೆಯೇ ಕಟ್ಟಿದ. ಮನೆಗೆ ಹೋದರೆ ಮೀರಾ ಡಬ್ಬಿಗೆ ಸುರಿದುಕೊಂಡು ಕಾಗದ ಅವನ ಕೈಗೆ ಕೊಡುತ್ತಾಳೆ, ಕಸದ ಬುಟ್ಟಿಗೆ ಹಾಕಿ ಎನ್ನುತ್ತಾಳೆ. ಈ ಸಲ ಹಾಕುತ್ತಾನೆ. ಬಿಳಿಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿ ಇಟ್ಟುಕೊಂಡ. ಅದಕ್ಕೂ ಆಗಲೇ ವಾಸನೆ ಹತ್ತಿತ್ತು.